ಭೀಮಪ್ಪ ಎಂದರೆ ಎಲ್ಲರೂ ನಕ್ಕರು

ಕೊರೋನಾ ಕಳೆದ ಎರಡನೆಯ ವರ್ಷ. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ನಾನು ಸೇಫ್ಟಿ ಆಫೀಸರ್ ಆಗಿದ್ದೆ. ಫ್ಯಾನಿನ ಮೋಟಾರಿಗೆ ಹೊರಕವಚ ತಯಾರಿಸುವ ಜಾಗ ಅದು. ಒಂದು ಕಡೆ ತಗಡು ಒತ್ತುವ ಪ್ರೆಸ್‌ಗಳು, ಇನ್ನೊಂದು ಕಡೆ ಬಣ್ಣ ಹೊಡೆಯುವ ಪೇಂಟ್ ಶಾಪ್. ಏನೂ ಆಗದ ದಿನ ನಮ್ಮಂಥವರು ಯಾಕೆ ಬೇಕು ಎಂದು ಕೇಳುತ್ತಾರೆ, ಏನಾದರೂ ಆದ ದಿನ ಎಲ್ಲಿ ಹೋಗಿದ್ದಿರಿ ಎಂದು ಕೇಳುತ್ತಾರೆ. ಅದಕ್ಕೋ ಏನೋ, ಒಂದು ಕಡೆ ನೆಮ್ಮದಿಯಾಗಿ ಕೂರುವ ಅಭ್ಯಾಸವೇ ನನಗೆ ತಪ್ಪಿಹೋಯಿತು. ಈಗ ನಿವೃತ್ತಿಯಾಗಿ ವಿಲೆ ಪಾರ್ಲೆಯ ಮನೆಯಲ್ಲಿದ್ದರೂ ಊಟದ ನಡುವೆ ಎದ್ದು ಹೋಗಿ ಗ್ಯಾಸ್ ಆಫ್ ಆಗಿದೆಯೇ ಎಂದು ನೋಡಿ ಬರುತ್ತೇನೆ. ಮನೆಯವರು ಬೈಯುವುದನ್ನೂ ಬಿಟ್ಟಿದ್ದಾರೆ.

ಆ ವರ್ಷ ನಮ್ಮ ಆಡಳಿತದವರಿಗೆ ಸುರಕ್ಷತೆಯ ಬಗ್ಗೆ ಒಂದು ಕಾರ್ಟೂನ್ ಫಿಲ್ಮ್ ಮಾಡಿಸುವ ಉಮೇದು ಬಂತು. ಅಂಧೇರಿಯ ಒಂದು ಏಜೆನ್ಸಿಯವರು ಕಥೆ ಹಿಡಿದುಕೊಂಡು ಬಂದರು. ಕಥೆಯಲ್ಲಿ ಇಬ್ಬರೇ. ಎಲ್ಲವನ್ನೂ ಸರಿಯಾಗಿ ಮಾಡುವವನ ಹೆಸರು ರೋಹನ್. ಅದಕ್ಕೆ ಯಾರದೂ ತಕರಾರಿರಲಿಲ್ಲ. ಹೆಲ್ಮೆಟ್ ಮರೆಯುವ, ಎಣ್ಣೆಯ ಮೇಲೆ ಜಾರಿ ಬೀಳುವ, ಮಷಿನ್ನಿಗೆ ಕೈ ಸಿಕ್ಕಿಸಿಕೊಳ್ಳುವ ಪೆದ್ದನಿಗೆ ಮಾತ್ರ ಹೆಸರು ಸಿಕ್ಕಿರಲಿಲ್ಲ. "ಹೆಸರು ಕೇಳಿದ ಕೂಡಲೇ ನಗು ಬರಬೇಕು ಮ್ಯಾಮ್, ಅರ್ಧ ಆ್ಯಕ್ಟಿಂಗ್ ಹೆಸರೇ ಮಾಡಿಬಿಡಬೇಕು," ಎಂದಳು ಏಜೆನ್ಸಿಯ ಹುಡುಗಿ.

ಮೀಟಿಂಗಿನಲ್ಲಿ ಒಬ್ಬೊಬ್ಬರೂ ಒಂದೊಂದು ಹೆಸರು ಎಸೆದರು. ಹೆಸರಿನ ಜೊತೆಗೇ ಒಬ್ಬ ಇಡೀ ಮನುಷ್ಯ ಬಂದು ನಿಲ್ಲುತ್ತಿದ್ದ. ಈ ಹೆಸರಿನವನು ಕುಡುಕ, ಆ ಹೆಸರಿನವನು ಸೋಮಾರಿ, ಮತ್ತೊಬ್ಬ ಬಾಯಿಬಡುಕ. ಒಂದು ಮಾತ್ರ ಗಮನಿಸಿದೆ. ಆ ಕೋಣೆಯಲ್ಲಿ ಯಾರ ಕಡೆಯ ಜನ ಇರಲಿಲ್ಲವೋ ಅವರ ಕಡೆಯ ಹೆಸರೇ ಎಲ್ಲರ ಬಾಯಿಗೂ ಬರುತ್ತಿತ್ತು. ಕೊನೆಗೆ ಯಾರೋ "ಭೀಮಪ್ಪ" ಎಂದರು. ಕೋಣೆಯೆಲ್ಲ ಗೊಳ್ಳೆಂದಿತು. ದಪ್ಪ ಹೊಟ್ಟೆ, ಮಂದ ಬುದ್ಧಿ, ಒಳ್ಳೆ ಮನಸ್ಸು, ಏಜೆನ್ಸಿಯ ಹುಡುಗಿ ಅಲ್ಲೇ ಚಿತ್ರ ಗೀಚಿ ತೋರಿಸಿದಳು. ಮೈಸೂರಿನವಳಾದ ನನ್ನ ಕಿವಿಗೆ ಆ ಹೆಸರು ಗರಡಿಮನೆಯ ಮೀಸೆಯ ಉಸ್ತಾದನಂತೆ ಕೇಳಿಸಿತ್ತು. ಹೇಳಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಗಾದರೆ ನಮ್ಮಲ್ಲಿ ಆ ಹೆಸರಿನವರು ಯಾರೂ ಇಲ್ಲ ತಾನೇ ಎಂದು ಕೇಳಿದೆ. ಎಚ್.ಆರ್. ಮ್ಯಾನೇಜರ್ ಲ್ಯಾಪ್‌ಟಾಪಿನಲ್ಲಿ ಹುಡುಕಿ, ಒಬ್ಬನೂ ಇಲ್ಲ ಎಂದರು. ಅವರು ಹುಡುಕಿದ್ದು ಕಾಯಂ ಕೆಲಸಗಾರರಲ್ಲಿ. ಕಾಂಟ್ರಾಕ್ಟಿನವರ ಹೆಸರುಗಳು ಮುಕಾದಮ್ ಬಳಿ, ಅಂದರೆ ಅವರನ್ನು ಕರೆತರುವ ಮೇಸ್ತ್ರಿಯ ಬಳಿ ಇರುತ್ತಿದ್ದವು. ಅವರೂ ಇದೇ ಗೇಟಿನಿಂದ ಒಳಗೆ ಬರುವ ಮನುಷ್ಯರು ಎಂಬುದು ಅಲ್ಲಿ ಯಾರಿಗೂ ಹೊಳೆಯಲಿಲ್ಲ.

ಫಿಲ್ಮ್ ಭರ್ಜರಿಯಾಗಿ ಓಡಿತು. ಕ್ಯಾಂಟೀನ್ ಟಿವಿಯಲ್ಲಿ ಹಾಕಿದರು, ಹೊಸದಾಗಿ ಬಂದವರಿಗೆಲ್ಲ ಮೊದಲ ದಿನವೇ ತೋರಿಸಿದರು. ಯಾರಾದರೂ ಸ್ಪ್ಯಾನರ್ ಬೀಳಿಸಿದರೆ ಸಾಕು, "ಏ ಭೀಮಪ್ಪಾ!" ಎಂಬ ಕೂಗು. ಜನ ಹೆಲ್ಮೆಟ್ ಹಾಕತೊಡಗಿದ್ದರು, ನಾನೂ ಸುಮ್ಮನಿದ್ದೆ.

ದೀಪಾವಳಿಗೆ ಮುಂಚಿನ ಒಂದು ಮಧ್ಯಾಹ್ನ ಪೇಂಟ್ ಶಾಪಿನ ಥಿನ್ನರಿಗೆ ಬೆಂಕಿ ಹತ್ತಿತು. ಥಿನ್ನರ್ ಎಂದರೆ ಬಣ್ಣ ತೆಳುಮಾಡುವ ದ್ರವ, ಕಿಡಿ ಸಿಕ್ಕರೆ ಸಾಕು. ಸೈರನ್ ಆಯಿತು, ಮೇನ್ ಸ್ವಿಚ್ ತೆಗೆದರು, ಎಲ್ಲರೂ ಗೇಟಿನ ಬಳಿಯ ಅಸೆಂಬ್ಲಿ ಪಾಯಿಂಟಿಗೆ ಓಡಿದರು. ಬೆಂಕಿಯಾದಾಗ ಜನರನ್ನು ಒಂದು ಕಡೆ ನಿಲ್ಲಿಸಿ ಹಾಜರಿ ಕರೆಯುವ ಜಾಗ ಅದು. ಕರೆದ ಹೆಸರಿಗೆ ಉತ್ತರ ಬರದಿದ್ದರೆ ಆ ಮನುಷ್ಯ ಒಳಗಿದ್ದಾನೆ ಎಂದೇ ಅರ್ಥ. ಕಪ್ಪು ಹೊಗೆ ಪೇಂಟ್ ಶಾಪಿನ ಹಿಂದಿನ ಕೋಣೆಗಳ ಸಾಲಿಗೆಲ್ಲ ತುಂಬಿಕೊಳ್ಳುತ್ತಿತ್ತು. ನಾನು ನಿಂತಲ್ಲಿ ನಿಲ್ಲಲಾರದೆ ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದೆ.

ಕಾಯಂ ಕೆಲಸಗಾರರ ಹಾಜರಿ ಸರಿಹೋಯಿತು. ಆಮೇಲೆ ಸೆಕ್ಯುರಿಟಿ ಗಾರ್ಡ್ ಮೆಗಾಫೋನ್ ಹಿಡಿದು, ಆ ದಿನ ಗೇಟಿನಲ್ಲಿ ಒಳಬಂದಿದ್ದ ಕಾಂಟ್ರಾಕ್ಟಿನವರ ಹೆಸರು ಓದತೊಡಗಿದ. ನಡುವೆ ಒಂದು ಸಲ "ಭೀಮಪ್ಪ!" ಎಂದು ಕೂಗಿದ.

ಅಷ್ಟು ಭಯದಲ್ಲೂ ಜನ ನಕ್ಕರು.

ಶಿಫ್ಟ್ ಸೂಪರ್‌ವೈಸರ್ ಸಾವಂತ್ ಸಿಡುಕಿನಿಂದ, "ಅರೇ, ಯೇ ಮಜಾಕ್ ಕಾ ಟೈಮ್ ಹೈ ಕ್ಯಾ? ವೋ ಪಿಕ್ಚರ್‌ವಾಲಾ ಹೈ, ಆಗೇ ಪಢ್," ಎಂದ. ಅದು ಸಿನಿಮಾದವನ ಹೆಸರು, ಮುಂದೆ ಓದು ಎಂದದ್ದಕ್ಕೆ ಗಾರ್ಡ್ ಮುಂದಿನ ಹೆಸರಿಗೆ ಹೋದ. ಅಷ್ಟರಲ್ಲಿ ಅಗ್ನಿಶಾಮಕ ದಳದ ಗಾಡಿ ಬಂತು. ಇಳಿದ ಅಧಿಕಾರಿ ಮೊದಲು ಕೇಳಿದ್ದೇ, ಎಲ್ಲರೂ ಹೊರಗಿದ್ದಾರೆಯೇ ಎಂದು. ಸಾವಂತ್ "ಹಾಂ ಸಾಬ್, ಸಬ್ ಬಾಹರ್," ಎಂದುಬಿಟ್ಟ.

ನನಗೆ ಅನುಮಾನ ಬಂತು. ಗೇಟಿನವರು ಆಧಾರ್ ಕಾರ್ಡ್ ನೋಡಿ ಹೆಸರು ಬರೆದುಕೊಳ್ಳುತ್ತಾರೆ, ಸಿನಿಮಾ ನೋಡಿ ಅಲ್ಲ. ಮುಕಾದಮನನ್ನು ಕೇಳೋಣವೆಂದರೆ ಅವನು ಬೋರಿವಲಿಗೆ ಹೋಗಿದ್ದ, ಫೋನ್ ಎತ್ತಲಿಲ್ಲ. ಕಾಂಟ್ರಾಕ್ಟಿನವರ ಗುಂಪಿಗೆ ನುಗ್ಗಿ, ನಿಮ್ಮಲ್ಲಿ ಯಾರು ಕಾಣುತ್ತಿಲ್ಲ ಎಂದು ಕಿರುಚಿದೆ. ಒಬ್ಬ ಹೆದರಿಕೊಂಡೇ, "ರಮೇಶ್ ನಹೀ ದಿಖ್ ರಹಾ ಮ್ಯಾಡಮ್. ಲೇಕಿನ್ ಉಸ್ಕಾ ನಾಮ್ ತೋ ಪುಕಾರಾ ಹೀ ನಹೀ," ಎಂದ.

ರಮೇಶ್ ಕಾಣುತ್ತಿಲ್ಲ, ಆದರೆ ಅವನ ಹೆಸರನ್ನು ಕರೆದೇ ಇಲ್ಲ. ಕರೆದ ಹೆಸರಿಗೆ ಮನುಷ್ಯನಿಲ್ಲ. ಕಾಣದ ಮನುಷ್ಯನಿಗೆ ಹೆಸರಿಲ್ಲ. ಎರಡೂ ಒಬ್ಬನೇ ಎಂದು ಆಗ ಹೊಳೆಯಿತು. ರಮೇಶನನ್ನು ಎಲ್ಲಿ ಕೆಲಸಕ್ಕೆ ಹಾಕಿದ್ದರು ಎಂದು ಕೇಳಿದೆ. ಹಿಂದಿನ ಸ್ಕ್ರ್ಯಾಪ್ ರೂಮು ಎಂದರು. ಪೇಂಟ್ ಶಾಪಿನ ಬೆನ್ನಿಗೇ ಇದ್ದ ಕೋಣೆ ಅದು.

ಅಧಿಕಾರಿಯ ತೋಳು ಹಿಡಿದು, "ಒಳಗೆ ಒಬ್ಬನಿದ್ದಾನೆ," ಎಂದೆ. ಸಾವಂತ್ ಏನೋ ಹೇಳಲು ಬಂದ. "ಬಾಯಿ ಮುಚ್ಚು," ಎಂದು ಅಚ್ಚ ಕನ್ನಡದಲ್ಲೇ ಗದರಿದೆ. ಅವನಿಗೆ ಅರ್ಥವಾಯಿತು. ದಳದವರು ಹಿಂಬದಿಯ ಶಟರ್ ಮುರಿದು ಒಳಹೋದರು. ಅವರು ಹೊರಬರುವವರೆಗೆ ನಾನು ಯಾವ ದೇವರನ್ನು ಕರೆದೆನೋ ನೆನಪಿಲ್ಲ, ಎಲ್ಲರನ್ನೂ ಕರೆದಿರಬೇಕು.

ಇಬ್ಬರು ಅವನನ್ನು ಎತ್ತಿಕೊಂಡು ಬಂದರು. ದಪ್ಪ ಹೊಟ್ಟೆಯೂ ಇಲ್ಲ, ಏನೂ ಇಲ್ಲ, ಕಡ್ಡಿಯಂಥ ಹುಡುಗ. ಮುಖವೆಲ್ಲ ಮಸಿ, ಉಸಿರಿತ್ತು. ಇಯರ್ ಮಫ್ ಕೊರಳಿಗೆ ಜಾರಿತ್ತು. ಸುತ್ತಿಗೆ ಬಡಿಯುವ ಕೆಲಸವೆಂದು ಕಿವಿಗೆ ಅದನ್ನು ಬಿಗಿಯಾಗಿ ಹಾಕಿಕೊಂಡಿದ್ದ, ಅದಕ್ಕೇ ಸೈರನ್ ಕೇಳಿಸಿರಲಿಲ್ಲ. ಹೊಗೆ ನೋಡಿ ಬಾಗಿಲು ತೆಗೆಯುವಷ್ಟರಲ್ಲಿ ದಾರಿ ಮುಚ್ಚಿಹೋಗಿತ್ತು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ನೆಲಕ್ಕೆ ಮುಖವಿಟ್ಟು ಮಲಗಿದ್ದನಂತೆ. ಫಿಲ್ಮಿನಲ್ಲಿ ರೋಹನ್ ಮಾಡುವುದೂ ಅದನ್ನೇ.

ಎರಡು ದಿನ ಬಿಟ್ಟು ಆಸ್ಪತ್ರೆಗೆ ಹೋದೆ. ಹುಡುಗ ಬಾಗಲಕೋಟೆ ಕಡೆಯವನು.

"ರಮೇಶ ಅಂತ ಯಾಕಪ್ಪಾ ಹೇಳ್ಕೊಂಡೆ?" ಎಂದೆ.

ಅವನು ಗೋಡೆಯ ಕಡೆ ನೋಡಿದ. "ಕೆಲಸಕ್ಕ ಬಂದ ಮೊದಲನೇ ದಿನಾ ಪಿಚ್ಚರ್ ತೋರಿಸಿದ್ರಲ್ರೀ ಮೇಡಮ್ಮಾರ. ಎಲ್ಲಾರೂ ಹೊಟ್ಟಿ ಹಿಡ್ಕೊಂಡು ನಕ್ರು. ಆಮ್ಯಾಲೆ ಬಾಜೂಕ ಕುಂತಾವ ನಿನ್ನ ಹೆಸರೇನಂತ ಕೇಳ್ದ. ಬಾಯಿಗಿ ರಮೇಶ ಅಂತ ಬಂತ್ರೀ."

"ನಿಜ ಹೇಳಿದ್ರೆ ಏನಾಗ್ತಿತ್ತು?"

"ಅದು ನಮ್ಮ ಮುತ್ಯಾನ, ನಮ್ಮಪ್ಪನ ಅಪ್ಪನ ಹೆಸರ್ರೀ. ಅವರು ಸತ್ತ ಮ್ಯಾಲೆ ನನಗ ಇಟ್ಟಾರ. ಮುತ್ಯಾನ್ನ ಎಲ್ಲಾರ ಮುಂದ ಇಟ್ಟು ನಗಸಾಕ ಮನಸಾಗ್ಲಿಲ್ರೀ."

ನನಗೆ ಅಳು ಬಂತು. ನೀರು ಕುಡಿಯುವ ನೆಪ ಮಾಡಿ ಹೊರಗೆ ಬಂದು ವರಾಂಡದಲ್ಲಿ ಹತ್ತು ಸಲ ಅಡ್ಡಾಡಿದೆ.

ಫಿಲ್ಮನ್ನು ತೆಗೆಸಿದೆ. ಆಡಳಿತದವರು, ಇಷ್ಟು ಖರ್ಚು ಮಾಡಿದ್ದೇವೆ, ಹೆಸರು ಮಾತ್ರ ಬದಲಿಸೋಣ ಎಂದರು. ಮತ್ತೆ ಅದೇ ಕೋಣೆ, ಅದೇ ಜನ. ಈ ಸಲ ಎಚ್.ಆರ್. ಮ್ಯಾನೇಜರ್ ಕಾಂಟ್ರಾಕ್ಟಿನವರ ಹೆಸರುಗಳನ್ನೂ ತರಿಸಿಕೊಂಡು ಕೂತಿದ್ದರು. ಯಾರಿಗೂ ಇಲ್ಲದ ಒಂದು ಹೆಸರು ಹುಡುಕುವ ಆಟ ಶುರುವಾಯಿತು. ಇವತ್ತು ಇಲ್ಲದ ಹೆಸರಿನವನು ನಾಳೆ ಬೆಳಿಗ್ಗೆ ರೈಲಿನಿಂದ ಇಳಿಯುತ್ತಾನೆ ಎಂದು ಹೇಳಿ ಸಾಕಾಯಿತು. ಕೊನೆಗೆ ತಲೆ ಕೆಟ್ಟು ಎದ್ದು ನಿಂತೆ. "ವತ್ಸಲಾ ಅಂತ ಇಡಿ," ಎಂದೆ.

ಅದು ನನ್ನ ಹೆಸರು. ಯಾರೂ ನಗಲಿಲ್ಲ. ಸೇಫ್ಟಿ ಆಫೀಸರರ ಮರ್ಯಾದೆಯ ಗತಿಯೇನು ಎಂದು ಮ್ಯಾನೇಜರ್ ಕೇಳಿದರು. ಭೀಮಪ್ಪನಿಗೆ ಇರಲಿಲ್ಲವೇ ಎಂದು ನಾನು ಕೇಳಿದೆ. ಒಂದು ವಾರ ಹಟ ಹಿಡಿದ ಮೇಲೆ ಒಪ್ಪಿದರು. ಹೊಸ ಫಿಲ್ಮಿನಲ್ಲಿ ಕನ್ನಡಕದ ಹೆಂಗಸೊಬ್ಬಳು ಎಣ್ಣೆಯ ಮೇಲೆ ಜಾರಿ ಬೀಳತೊಡಗಿದಳು.

ಭೀಮಪ್ಪ ಗುಣವಾಗಿ ಕೆಲಸಕ್ಕೆ ಮರಳಿದ, ತನ್ನ ಹೆಸರಿನಲ್ಲೇ. ಮುಂದಿನ ಬೆಂಕಿ ಡ್ರಿಲ್ಲಿನಲ್ಲಿ ಅವನ ಹೆಸರು ಕರೆದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವನು ಆ ನಗುವಿನ ಮೇಲೇ "ಹಾಜಿರ್!" ಎಂದು ಕೂಗಿದ.

ಅದಾದ ಮೇಲೆ ಒಂದು ದಿನ ಏನೋ ಗಡಿಬಿಡಿಯಲ್ಲಿ ಪ್ರೆಸ್ ಶಾಪಿಗೆ ಹೊಕ್ಕೆ. ಹಿಂದಿನಿಂದ ಯಾರೋ "ಏ ವತ್ಸಲಾ!" ಎಂದರು. ಸುತ್ತಲೂ ನಗು. ನನ್ನ ಕಿವಿ ಸುಟ್ಟಂತಾಯಿತು. ಅಪ್ಪ ಅಮ್ಮ ಇಟ್ಟ ಹೆಸರು, ನನ್ನದಲ್ಲ ಎಂದುಬಿಡೋಣ ಅನ್ನಿಸಿತು. ತಿರುಗಿ ನೋಡಿದರೆ ಭೀಮಪ್ಪ ಬಿಳಿಚಿಕೊಂಡು ನಿಂತಿದ್ದ.

"ನಾ ಅಂದಿಲ್ರೀ ಮೇಡಮ್ಮಾರ," ಎಂದ. ಆಮೇಲೆ ಮೆಲ್ಲಗೆ, "ಆದ್ರ ನಿಮ್ಮ ತಲೀ ಮ್ಯಾಲೆ ಹೆಲ್ಮೆಟ್ ಇಲ್ರೀ," ಎಂದ.

ಕಥೆಯ ಪೆದ್ದನಿಗೆ ಹೆಸರು ಬೇಕಾದರೆ ಮೊದಲು ನಮ್ಮದನ್ನು ಹಾಕಿ ನೋಡಬೇಕು ಎಂಬುದು ಈ ನೌಕರಿ ನನಗೆ ಕಲಿಸಿದ ಪಾಠ. ಅವತ್ತು ಆ ನಗುವನ್ನು ನಾನು ತಡೆದುಕೊಂಡಿದ್ದು ಪ್ರೆಸ್ ಶಾಪಿನ ಬಾಗಿಲಿನವರೆಗೆ ಮಾತ್ರ. ಅಲ್ಲಿಂದಾಚೆ ಓಡಿಹೋಗಿ ಹೆಲ್ಮೆಟ್ ತಂದೆ.