ಮೇಲಿನ ಸಾಲಿನಲ್ಲಿ ಕಿರಿ ಸೊಸೆ

ನಮ್ಮ ಮನೆಯಲ್ಲಿ ಅರಿಶಿನ ಕುಂಕುಮ ಮೊದಲು ಹಿರಿ ಸೊಸೆಗೆ. ಉಡಿ ತುಂಬುವುದೂ ಮೊದಲು ಅವಳಿಗೇ. ಹೈದರಾಬಾದಿಗೆ ಬಂದು ಎಷ್ಟೋ ವರ್ಷವಾದರೂ, ಹೊಸ್ತಿಲು ದಾಟಿದರೆ ತೆಲುಗು, ಹಿಂದಿಯಲ್ಲೇ ಬದುಕಿದರೂ, ರಾಯಚೂರು ಕಡೆಯಿಂದ ತಂದ ಈ ಪದ್ಧತಿಯನ್ನು ಅತ್ತೆ ಬಿಟ್ಟವರಲ್ಲ. ಆ ಹಿರಿ ಸೊಸೆ ನಾನು. ಹಾಗಾಗಿ ಪದ್ಧತಿ ಬಹಳ ಒಳ್ಳೆಯದೆಂದೇ ನನ್ನ ಅಭಿಪ್ರಾಯವಾಗಿತ್ತು.

ದಿಲ್‌ಸುಖ್‌ನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು. ಮಧ್ಯಾಹ್ನ ಗಂಡಸರು ಅಂಗಡಿಗೆ ಹೋದ ಮೇಲೆ ಅತ್ತೆ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ತಮಗೆ ಬರುವ ಬೀಸುವ ಪದ, ಸೋಬಾನೆ ಪದಗಳನ್ನು ಅವರು ಹೇಳುವುದು, ನಾನು ಕನ್ನಡದಲ್ಲಿ ಟೈಪ್ ಮಾಡುವುದು. ಅಕ್ಕಪಕ್ಕದವರೆಲ್ಲ ತೆಲುಗಿನವರು. ಅತ್ತೆಯ ಹಾಡು ತಿಳಿಯುವ ಕಿವಿ ಆ ಗಲ್ಲಿಯಲ್ಲಿ ನನ್ನದೊಂದೇ. ಸಣ್ಣವಳಿದ್ದಾಗಲೇ ಅವ್ವನನ್ನು ಕಳೆದುಕೊಂಡ ನನಗೆ ದಿನದಲ್ಲಿ ಬೇಕಾಗಿದ್ದದ್ದೂ ಆ ಒಂದು ಹೊತ್ತು. ಅದಕ್ಕಾಗಿ ಮಧ್ಯಾಹ್ನದ ನಿದ್ದೆಯನ್ನೇ ಬಿಟ್ಟಿದ್ದೆ.

ಆಮೇಲೆ ಮೈದುನನ ಮದುವೆಯಾಯಿತು. ನೆಗೆಣ್ಣಿ ಮೈಸೂರಿನವಳು, ಮಾದಾಪುರದಲ್ಲಿ ಕೆಲಸ. ನಮ್ಮ ಕಂಪ್ಯೂಟರಿಗೋ ವಯಸ್ಸಾಗಿತ್ತು. ಗುಂಡಿ ಒತ್ತಿ, ಹೋಗಿ ಬೇಳೆಗೆ ಒಗ್ಗರಣೆ ಹಾಕಿ ಬಂದರೂ ವಿಂಡೋಸ್ ಇನ್ನೂ ಕಣ್ಣು ತೆರೆಯುತ್ತಲೇ ಇರುತ್ತಿತ್ತು. ಅವಳು ಒಂದು ಭಾನುವಾರ ನೋಡಿದಳು.

"ಅಕ್ಕ, ಇದರ ಜೊತೆಗೇ ಲಿನಕ್ಸ್ ಹಾಕ್ಲಾ? ಅದೂ ವಿಂಡೋಸ್ ಥರದ್ದೇ, ಹಳೇ ಕಂಪ್ಯೂಟರಲ್ಲೂ ಚೆನ್ನಾಗಿ ಓಡತ್ತೆ. ನಿಮ್ಮ ವಿಂಡೋಸ್ ಹಾಗೇ ಇರತ್ತೆ, ಡಿಸ್ಕಲ್ಲಿ ಸ್ವಲ್ಪ ಜಾಗ ಬಿಡಿಸ್ಕೊಂಡ್ರೆ ಸಾಕು."

"ಬಂದು ತಿಂಗಳಾಗಿಲ್ಲ, ಹಿಸ್ಸೆ ಕೇಳಾಕತ್ತೀಯೇನವಾ?" ಎಂದು ನಾನು ನಕ್ಕೆ. ನಗು ತುಟಿಯ ಮೇಲಷ್ಟೇ ಇತ್ತು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ, ಒಗೆಯಲಿ, ಎರಡು ದಿನದಲ್ಲಿ ಸುಸ್ತಾಗುತ್ತಾಳೆ ಎಂದುಕೊಂಡೆ.

ಸುಸ್ತಾಗಲಿಲ್ಲ. ಅಂದಿನಿಂದ ಕಂಪ್ಯೂಟರ್ ಹಚ್ಚಿದರೆ ಕಪ್ಪು ಪರದೆಯ ಮೇಲೆ ಒಂದು ಪಟ್ಟಿ ಬರತೊಡಗಿತು. ಮೇಲಿನ ಸಾಲಿನಲ್ಲಿ ಅವಳ ಲಿನಕ್ಸ್, ಕೆಳಗೆ ಕಟ್ಟಕಡೆಗೆ ನನ್ನ ವಿಂಡೋಸ್. ಯಾರೂ ಏನೂ ಒತ್ತದಿದ್ದರೆ ಅದು ತಾನಾಗಿ ಅವಳ ಕಡೆಗೇ ಹೋಗುತ್ತಿತ್ತು. "ಅಬಾಬಾ, ಗುಂಡಿ ಒತ್ತೂದ್ರಾಗ ಬಂತಲ್ಲ!" ಎಂದು ಅತ್ತೆ ಬೆರಗಾದರು. ರಜೆಯ ದಿನಗಳಲ್ಲಿ ಅವಳು ಅತ್ತೆಯ ಮುಂದೆ ಮೈಕ್ ಹಿಡಿದು ಹಾಡಿಸಿ, ಎಲ್ಲವನ್ನೂ ಅಲ್ಲಿ ತುಂಬಿಸಿಟ್ಟಳು. ಪರದೆಯ ನಡುವೆ ದೊಡ್ಡದೊಂದು ಚಿತ್ರ ಇಟ್ಟು ಕೆಳಗೆ 'ಹಾಡು' ಎಂದು ಬರೆದಳು. ಗುಂಡಿ ಒತ್ತಬೇಕು, ಚಿತ್ರದ ಮೇಲೆ ಎರಡು ಸಲ ಕ್ಲಿಕ್ ಮಾಡಬೇಕು, ಅಷ್ಟೇ. ಅತ್ತೆ ಕಲಿತುಬಿಟ್ಟರು. ಮಧ್ಯಾಹ್ನ ಒಬ್ಬರೇ ಕುಳಿತು ತಮ್ಮ ದನಿ ತಾವೇ ಕೇಳಿಕೊಳ್ಳತೊಡಗಿದರು. ಟೈಪ್ ಮಾಡುವವಳು ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತಿದ್ದಳು.

ಹೊಟ್ಟೆಗೆ ಬೆಂಕಿ ಬಿತ್ತು. ಇನ್ನೂ ಉರಿಸಿದ ಸಂಗತಿ ಬೇರೆಯೇ. ಅವಳ ಕಡೆಯಿಂದ ನೋಡಿದರೆ ನಾನು ಟೈಪ್ ಮಾಡಿದ್ದೆಲ್ಲ ಕಾಣುತ್ತಿತ್ತು, ತೆರೆಯುತ್ತಿತ್ತು. ನನ್ನ ವಿಂಡೋಸ್‌ನಿಂದ ನೋಡಿದರೆ ಅವಳದೊಂದು ಕಡತವೂ ಕಾಣುತ್ತಿರಲಿಲ್ಲ. ನನ್ನ ಅಡುಗೆಮನೆಗೆ ಅವಳು ಬಂದು ಡಬ್ಬಿ ಮುಚ್ಚಳ ತೆಗೆದು ನೋಡಬಹುದು, ಅವಳ ಕೋಣೆಗೆ ನನಗೆ ಬಾಗಿಲೇ ಇಲ್ಲ.

ತಡೆಯಲಾರದೆ ಒಂದು ಸಂಜೆ ಹೇಳಿಯೇಬಿಟ್ಟೆ. "ಹಿರೇರದು ಮ್ಯಾಲ ಇರಬೇಕವಾ. ನಮ್ಮ ಮನಿ ಪದ್ಧತಿ ಹಂಗೈತಿ."

"ಅಷ್ಟೇ ತಾನೆ ಅಕ್ಕ," ಎಂದು ಕೂತು ಏನೋ ನಾಲ್ಕು ಸಾಲು ಬರೆದು ಮತ್ತೆ ಹಚ್ಚಿ ತೋರಿಸಿದಳು. ವಿಂಡೋಸ್ ಮೇಲೆ, ಲಿನಕ್ಸ್ ಕೆಳಗೆ. ಜಗಳಕ್ಕೆಂದು ಸೆರಗು ಸಿಕ್ಕಿಸಿ ನಿಂತಿದ್ದ ನನಗೆ ಅದೂ ಸಿಟ್ಟೇ ತರಿಸಿತು. ಒಂದು ಮಾತಾದರೂ ಎದುರಾಡಬಾರದೇ?

ಮರುದಿನ ಅವಳು ಮೆಟ್ರೋ ಹಿಡಿದು ಕೆಲಸಕ್ಕೆ ಹೋದಳು. ಮಧ್ಯಾಹ್ನ ಅತ್ತೆ ಎಂದಿನಂತೆ ಗುಂಡಿ ಒತ್ತಿ ಕೂತರು. ಬಹಳ ಹೊತ್ತು ಕೂತರು. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

"ಯವ್ವಾ, ನನ್ನ ಹಾಡು ಎಲ್ಲಿ ಹೋದ್ವು? ನಾನಾ ಏನರ ಒತ್ತಿ ಅಳಿಸಿಬಿಟ್ನೇನು?"

ಅವರ ಕಣ್ಣು ತುಂಬಿದ್ದವು. ಹಾಡು ಎಲ್ಲಿವೆ ಎಂದು ನನಗೆ ಗೊತ್ತಿತ್ತು. ನಾನು ಕೇಳಿ ಪಡೆದ ಮೇಲಿನ ಸಾಲು ಅತ್ತೆಯನ್ನು ನೇರ ನನ್ನ ವಿಂಡೋಸ್‌ಗೆ ತಂದು ಬಿಟ್ಟಿತ್ತು, ಅಲ್ಲಿಂದ ಅವು ಕಾಣುವುದಿಲ್ಲ. ಹೋದರೆ ಹೋಗಲಿ ಬಿಡ್ರಿ, ಬರ್ರಿ, ನಾವು ಮತ್ತೆ ಬರೆಯೋಣ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಅತ್ತೆ ನಂಬುತ್ತಿದ್ದರು, ನನ್ನ ಮಧ್ಯಾಹ್ನ ನನಗೆ ಸಿಗುತ್ತಿತ್ತು. ಆದರೆ ಅವರು ತಮ್ಮ ಬೆರಳನ್ನೇ ತಪ್ಪು ಮಾಡಿದ್ದೆಂಬಂತೆ ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದರು.

"ಎಲ್ಲೂ ಹೋಗಿಲ್ರಿ ಅತ್ತೀ," ಎಂದು ಕೈ ಒರೆಸಿಕೊಂಡು ಬಂದೆ. ಕಂಪ್ಯೂಟರ್ ಮತ್ತೆ ಹಚ್ಚಿ, ಪಟ್ಟಿ ಬಂದಾಗ ಕೆಳಗಿನ ಸಾಲಿಗೆ ಇಳಿದು ಒತ್ತಿದೆ. 'ಹಾಡು' ಬಂತು. ಅತ್ತೆ ಅವಸರದಲ್ಲಿ ಯಾವುದೋ ಒಂದನ್ನು ಹಚ್ಚಿದರು.

ಹಿರಿಸೊಸಿ ನೋಡ ಹೊಸ್ತಿಲಕ ಕುಂತಾಳ
ಕಿರಿಸೊಸಿ ಕೈಯ ಬಳಿ ಎಣಿಸಿ ಎಣಿಸೂತ
ಹಾಲುಕ್ಕಿ ಒಲಿಗೆ ಹರಿದಾವ

ನಾನು ಕೇಳಿರದ ಪದ. ಎದೆಯಲ್ಲಿ ಮತ್ತೆ ಅದೇ ಉರಿ. "ಇದನ್ನ ನನಗ ಒಂದಿನಾನೂ ಹೇಳಿಲ್ಲಲ್ರಿ? ಆಕೀಗೆ ಹೇಳೀರಿ?" ನನ್ನ ದನಿ ಏರಿತ್ತು.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಇದು ನಮ್ಮತ್ತಿ ನನ್ನ ಮ್ಯಾಲ ಕಟ್ಟಿದ ಪದ. ನಾನೂ ಹಿರೇಸೊಸಿ ಅಲ್ಲೇನವಾ. ನನ್ನ ನೆಗೆಣ್ಣಿ ಬಂದಾಗ ನಾನೂ ಹಿಂಗಾ ಇದ್ದೆ. ಬೀಸೂ ಮುಂದ ನಾಕು ಮಂದ್ಯಾಗ ಹಾಡಿಬಿಟ್ಲು."

"ಮತ್ತ ಆಕೀ ಮುಂದ ಯಾಕ ಹಾಡಿದ್ರಿ?"

"ಮೈಸೂರಾಕಿಗೆ ಇದರಾಗಿಂದು ಏನ ತಿಳೀತೈತಿ? ರಾಗ ಭಾಳ ಚಲೋ ಐತಿ ಅಂದ್ಲು, ಮುಗೀತು. ನಿನ್ನ ಮುಂದ ಹಾಡಿದ್ರ ನಿನಗ ಚುಚ್ಚತಿತ್ತು."

ಅತ್ತೆಗೆ ಎಲ್ಲ ತಿಳಿದಿತ್ತು. ನನ್ನ ಮುಖ ನೋಡಿಯೇ ಇಷ್ಟು ದಿನ ಸುಮ್ಮನಿದ್ದರು. ತಲೆ ಎತ್ತಲಾಗದೆ ಕೀಲಿಮಣೆಯ ಮೇಲಿನ ಧೂಳು ಒರೆಸುತ್ತ ಕೇಳಿದೆ, "ನಿಮಗ ಚುಚ್ಚಿತ್ತೇನ್ರಿ?"

ಹಾಡು ಮುಗಿಯಿತು. ಅತ್ತೆ ಅದನ್ನೇ ಇನ್ನೊಮ್ಮೆ ಹಚ್ಚಿದರು.

"ಅದಕ್ಕ ನೋಡು," ಎಂದರು, "ಅರ್ಧಕ್ಕರ್ಧ ಪದ ಮರತು ಹೋಗ್ಯಾವ. ಇದರಾಗ ಒಂದಕ್ಷರ ಮರತಿಲ್ಲ."