ವಿಭಾಳ ಫೋನು ಸುಮ್ಮನಾದ ಮೇಲೆ

ದ್ವಾರಕಾನಾಥನಿಗೆ ಸಂಬಳ ಬರುತ್ತಿದ್ದದ್ದೇ ಅನುಮಾನಪಡುವುದಕ್ಕೆ. ನೈರೋಬಿಯ ಎಂಬಕಸಿ ಕಡೆಯ ಮಾತ್ರೆ ಕಾರ್ಖಾನೆಯೊಂದರಲ್ಲಿ ಅವನು ಗುಣಮಟ್ಟ ವಿಭಾಗದ ಮ್ಯಾನೇಜರು. ತೂಕದ ಚೀಟಿಯಲ್ಲಿ ಅಂಕೆ ಹೆಚ್ಚುಕಡಿಮೆಯಾದರೆ ಅವನಿಗೆ ಅನುಮಾನ. ಹತ್ತು ಸಲ ತೂಗಿದರೂ ಒಂದೇ ಅಂಕೆ ಬಂದರೆ ಇನ್ನೂ ದೊಡ್ಡ ಅನುಮಾನ, ಯಾರೋ ತೂಗದೆಯೇ ಕೂತಲ್ಲೇ ಬರೆದಿದ್ದಾರೆ ಅಂತ. ಕ್ಯಾಂಟೀನಿನಲ್ಲಿ ಚಹಾ ಕಪ್ಪನ್ನೂ ಬೆಳಕಿಗೆ ಹಿಡಿದು ನೋಡಿಯೇ ಬಾಯಿಗಿಡುತ್ತಿದ್ದ. ಹುಡುಗರು ಹಿಂದಿನಿಂದ ನಗುತ್ತಿದ್ದರು. ನಗಲಿ ಬಿಡಿ, ಅವನು ಸಹಿ ಹಾಕಿ ಕಳಿಸಿದ ಒಂದು ಡಬ್ಬವೂ ಹನ್ನೊಂದು ವರ್ಷಗಳಲ್ಲಿ ವಾಪಸು ಬಂದಿರಲಿಲ್ಲ.

ಹುಟ್ಟಿದ್ದು ತಿಪಟೂರಿನಲ್ಲಿ, ಓದಿದ್ದು ಬೆಂಗಳೂರಿನಲ್ಲಿ, ಕೆಲಸ ಕಲಿತದ್ದು ಜಿಗಣಿಯಲ್ಲಿ. ಈಗ ನಲವತ್ತಾರು ವರ್ಷ. ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಮೂರನೇ ಮಹಡಿಯ ಮನೆ, ಹೆಂಡತಿ ವಿಭಾ, ಹನ್ನೆರಡು ವರ್ಷದ ಮಗಳು ನಮಿತಾ. ಬೆಳಿಗ್ಗೆ ಆರೂಕಾಲಕ್ಕೆ ಕಾರು ಹತ್ತಿದರೆ ಮತ್ತೆ ಮನೆ ಕಾಣುವುದು ಸಂಜೆ ಆರೂವರೆಗೆ. ನಡುವಿನ ಹನ್ನೆರಡು ಗಂಟೆ ಮನೆಯನ್ನು ಅವನು ಫೋನಿನಲ್ಲಿ ನೋಡಿಕೊಳ್ಳುತ್ತಿದ್ದ. 'ತಿಂಡಿ ಆಯ್ತಾ?' 'ಗ್ಯಾಸ್ ಆಫ್ ಮಾಡಿದ್ಯಾ?' 'ಎಲ್ಲಿದೀಯ?' 'ಡಬ್ಬಿಗೆ ಉಪ್ಪು ಕಮ್ಮಿ.' ಐದು ನಿಮಿಷದಲ್ಲಿ ಉತ್ತರ ಬರದಿದ್ದರೆ ಬರೀ ಒಂದು ಪ್ರಶ್ನೆ ಚಿಹ್ನೆ. ಅದಕ್ಕೂ ಬರದಿದ್ದರೆ ಫೋನು. ಇದು ಪ್ರೀತಿ ಅಂತಲೇ ಅವನ ಲೆಕ್ಕ, ಪಾಪ. ಬೇರೆ ಗಂಡಂದಿರು ವಾರಗಟ್ಟಲೆ ಹೆಂಡತಿ ಊಟ ಮಾಡಿದಳೋ ಇಲ್ಲವೋ ಅಂತ ಕೇಳುವುದಿಲ್ಲ ಎಂದು ಅವನೇ ಎಷ್ಟೋ ಸಲ ಹೇಳಿಕೊಂಡಿದ್ದ.

ವಿಭಾ ಬಿ.ಎಸ್ಸಿ. ಎರಡನೇ ವರ್ಷದಲ್ಲಿ ಮದುವೆಯಾಗಿ ಓದು ಬಿಟ್ಟವಳು. ನಲವತ್ತನೇ ವಯಸ್ಸಿಗೆ ಅದೇನು ತಲೆಗೆ ಹೊಕ್ಕಿತೋ, ರಿವರ್‌ಸೈಡ್‌ನ ಒಂದು ಖಾಸಗಿ ಕಾಲೇಜಿನಲ್ಲಿ ಪೌಷ್ಟಿಕ ಆಹಾರದ ಡಿಪ್ಲೊಮಾಕ್ಕೆ ಸೇರಿದ್ದಳು. ಇಪ್ಪತ್ತರ ಹುಡುಗ ಹುಡುಗಿಯರ ನಡುವೆ ಕೂತು ನೋಟ್ಸು ಬರೆದು, ಎಲ್ಲದರಲ್ಲೂ ಪಾಸಾಗಿ, ಕಳೆದ ವರ್ಷ ಬಯೋಕೆಮಿಸ್ಟ್ರಿ ಒಂದರಲ್ಲಿ ನಾಲ್ಕು ಅಂಕಕ್ಕೆ ಬಿದ್ದಿದ್ದಳು. ಆ ಪೇಪರನ್ನೂ ಕೊನೆಯ ವರ್ಷದ ಪೇಪರುಗಳನ್ನೂ ಈ ಸಲ ಪಾಸು ಮಾಡಿಕೊಂಡರೆ ಸೆಪ್ಟೆಂಬರಿನಿಂದ ಆಸ್ಪತ್ರೆಯೊಂದರಲ್ಲಿ ತರಬೇತಿ, ಆಮೇಲೆ ಕೆಲಸ. ಆಸ್ಪತ್ರೆಯವರು ಜಾಗ ಇಟ್ಟುಕೊಂಡು ಕಾಯುತ್ತೇವೆ ಎಂದು ಬರೆದು ಕಳಿಸಿದ್ದ ಕಾಗದವನ್ನು ಅವಳು ಬೀರುವಿನಲ್ಲಿ ರೇಷ್ಮೆ ಸೀರೆಗಳ ಮೇಲೆ ಇಟ್ಟಿದ್ದಳು.

ಹೀಗಿರುವಾಗ ಒಂದು ದಿನ ಅವಳ ಫೋನು ಸುಮ್ಮನಾಯಿತು.

ಅಲ್ಲಿಯವರೆಗೆ ಅದು ಸುಮ್ಮನಿದ್ದ ಫೋನಲ್ಲ. ಅಪಾರ್ಟ್‌ಮೆಂಟಿನ ಗುಂಪಿನಲ್ಲಿ ನೀರು ಬಂತು, ನೀರು ಹೋಯಿತು. ಕನ್ನಡ ಸಂಘದ ಗುಂಪಿನಲ್ಲಿ ಯಾರದೋ ಹುಟ್ಟುಹಬ್ಬ, ನೂರು ಜನರ ಕೇಕಿನ ಚಿತ್ರ. ಊರಿನ ನೆಂಟರ ಶುಭೋದಯ, ಸೂಪರ್‌ಮಾರ್ಕೆಟ್ಟಿನ ರಿಯಾಯಿತಿ. ಮಿಕ್ಸಿ ತಿರುಗುತ್ತಿದ್ದರೂ ಅದರ ಟಿಂಗ್ ಟಿಂಗ್ ಕೇಳಿಸುತ್ತಿತ್ತು. ಈಗ ನೋಡಿದರೆ ಶನಿವಾರ ಬೆಳಿಗ್ಗೆಯೆಲ್ಲ ಊಟದ ಮೇಜಿನ ಮೇಲೆ ಮಕಾಡೆ ಮಲಗಿತ್ತು, ಒಂದು ಸದ್ದಿಲ್ಲ. ಕಾರ್ಖಾನೆಯಿಂದ ಅವನು ಕಳಿಸಿದ ಸಂದೇಶಗಳು ಮಧ್ಯಾಹ್ನ ಒಂದರವರೆಗೆ ಹಾಗೇ ಬಿದ್ದಿರುತ್ತಿದ್ದವು. ಫೋನು ಮಾಡಿದರೆ ಎತ್ತುವುದಿಲ್ಲ. ಒಂದೂ ಐದಕ್ಕೆ ಸರಿಯಾಗಿ ಎಲ್ಲದಕ್ಕೂ ಸೇರಿಸಿ ಒಂದೇ ಉತ್ತರ: 'ಹೂಂ, ಎಲ್ಲಾ ಆಯ್ತು.' ದ್ವಾರಕಾನಾಥನ ಕಿವಿ ನೆಟ್ಟಗಾಯಿತು.

ಮೊದಲು ಮಗಳನ್ನು ಹಿಡಿದ. "ಅಮ್ಮನ ಫೋನ್ ಕೆಟ್ಟಿದ್ಯೇನೆ?"

"ನೋ ಪಪ್ಪಾ. ಶಿ ಟರ್ನ್ಡ್ ಎವ್ರಿಥಿಂಗ್ ಆಫ್. ಶಿ ಈಸ್ ಸ್ಟಡಿಯಿಂಗ್."

"ಎವ್ರಿಥಿಂಗ್ ಅಂದ್ರೆ? ನಂದೂನಾ?"

ನಮಿತಾ ಭುಜ ಕುಣಿಸಿ ಕೋಣೆಗೆ ಹೋದಳು. ಈ ವಯಸ್ಸಿನ ಮಕ್ಕಳ ಭುಜಕ್ಕೆ ಎಷ್ಟು ಅರ್ಥ ಹಚ್ಚಬಹುದು! ಅವನು ಅದನ್ನೂ ಹಚ್ಚಿದ. ಆಮೇಲೆ ವಿಭಾಳನ್ನೇ ಕೇಳಿದ. ಅವಳು ಬಚ್ಚಿಡಲೂ ಇಲ್ಲ, ಬೆದರಲೂ ಇಲ್ಲ.

"ನಮ್ಮ ಮೇಡಂ ಒಂದು ವಾರ ಫೋನ್ ಎಷ್ಟ್ ಸಲ ಸದ್ದು ಮಾಡತ್ತೆ ಅಂತ ಬರ್ದಿಡಿ ಅಂದಿದ್ರು ರೀ. ಒಂದು ದಿನಕ್ಕೆ ಇನ್ನೂರ ಎಂಬತ್ತಾರು! ಅದಕ್ಕೆ ಗುಂಪುಗಳನ್ನೆಲ್ಲ ಪೂರ್ತಿ ಬಾಯಿ ಮುಚ್ಚಿಸಿದೀನಿ, ಬೆಳಿಗ್ಗೆ ಎಂಟರಿಂದ ಒಂದರವರೆಗೆ ಫೋನೂ ಅದರಷ್ಟಕ್ಕೆ ಅದೇ ಸುಮ್ಮನಿರೋ ಹಾಗೆ ಸೆಟ್ ಮಾಡಿದೀನಿ. ಒಂದು ಗಂಟೆಗೆ ಎಲ್ಲಾ ಒಟ್ಟಿಗೆ ನೋಡ್ತೀನಿ."

"ಏನಾದ್ರೂ ಅರ್ಜೆಂಟ್ ಇದ್ರೆ?"

"ಅರ್ಜೆಂಟ್ ಇರೋರದ್ದು ಬರತ್ತೆ."

ಇಷ್ಟು ಹೇಳಿ ಅವಳು ಪುಸ್ತಕ ತಿರುವಿ ಹಾಕಿದಳು. ಅವನ ತಲೆಗೆ ಹುಳ ಹೊಕ್ಕಿದ್ದು ಆಗಲೇ. ಅರ್ಜೆಂಟ್ ಇರುವವರು ಯಾರು? ಗಂಡ ಬೆಳಗಿನಿಂದ ಏಳು ಸಲ ಫೋನು ಮಾಡಿದರೂ ಬರದದ್ದು ಇನ್ಯಾರದ್ದು ಬರುತ್ತದೆ? ಬಾಯಿಬಿಟ್ಟು ಕೇಳಬಹುದಿತ್ತು. ಆದರೆ ತಪಾಸಣೆ ಮಾಡುವವನು ಕೇಳುವುದಿಲ್ಲ, ನೋಡುತ್ತಾನೆ ಎಂದು ಕಾರ್ಖಾನೆಯಲ್ಲಿ ಹುಡುಗರಿಗೆ ಪಾಠ ಹೇಳಿಕೊಡುತ್ತಿದ್ದವನು ಅವನು.

ಎರಡು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದ. ಅವಳು ಮೊದಲಿಗಿಂತ ನಗುನಗುತ್ತಿದ್ದಳು, ಅದು ಅನುಮಾನ. ಕಾಲೇಜಿಗೆ ಹೊಸ ಕುರ್ತಾ ಹಾಕಿಕೊಂಡಳು, ಅದೂ ಅನುಮಾನ. ಒಂದು ಸಂಜೆ ಅವನು ಬಾಗಿಲು ತೆಗೆದು ಒಳಗೆ ಬಂದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಕಿಟಕಿಯ ಹತ್ತಿರ ನಿಂತು ಯಾವುದೋ ಆಮ್ಲಗಳ ಹೆಸರನ್ನು ಮಗ್ಗಿ ಹೇಳಿದ ಹಾಗೆ ಹೇಳಿಕೊಳ್ಳುತ್ತಿದ್ದಳು. ಮುಖದಲ್ಲಿ ಎಂಥ ನೆಮ್ಮದಿ! ತಾನು ಹತ್ತಿರ ಇಲ್ಲದಾಗ ಇವಳು ಇಷ್ಟು ನೆಮ್ಮದಿಯಾಗಿರುತ್ತಾಳೆಯೇ? ಅದೂ ಅನುಮಾನ.

ಸೋಮವಾರ ಸಂಜೆ ಏಳು ಗಂಟೆಗೆ ಅವಳು ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದಳು. ಫೋನು ಹಾಲ್‌ನಲ್ಲಿ ಚಾರ್ಜಿಗಿತ್ತು. ತೆರೆಯುವ ಸಂಖ್ಯೆ ಮಗಳು ಹುಟ್ಟಿದ ತಾರೀಖು, ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಅವನು ತೆರೆದು ಸೆಟ್ಟಿಂಗ್ಸ್‌ಗೆ ಹೋದ. 'ಕಾಲೇಜು' ಎಂದು ಹೆಸರಿಟ್ಟಿದ್ದಳು, ಸೋಮವಾರದಿಂದ ಶನಿವಾರ, ಎಂಟರಿಂದ ಒಂದು. ಅದರ ಕೆಳಗೆ ಆ ಹೊತ್ತಿನಲ್ಲಿ ಫೋನು ಬಂದರೆ ಸದ್ದು ಮಾಡಬಹುದಾದವರ ಹೆಸರು. ಎರಡೇ ಎರಡು. ಒಂದು, ನಮಿತಾಳ ಶಾಲೆಯ ನರ್ಸ್. ಮಗಳಿಗೆ ಆಗಾಗ ಉಬ್ಬಸ ಬರುತ್ತಿತ್ತು, ಅದು ಸರಿ. ಇನ್ನೊಂದು, ಮುತುವಾ.

ಮುತುವಾ! ಯಾರಿವನು? ತನ್ನ ಹೆಸರಿಗಾಗಿ ಅವನು ಮೇಲೆ ಕೆಳಗೆ ಎರಡು ಸಲ ಹುಡುಕಿದ. ಇರಲಿಲ್ಲ. ಇಪ್ಪತ್ತು ವರ್ಷ ಬಾಳಿದ ಗಂಡ ಹೊರಗೆ, ಮುತುವಾ ಒಳಗೆ. ಕರೆಗಳ ಪಟ್ಟಿ ತೆಗೆದ. ಮುತುವಾನದ್ದು ನಾಲ್ಕು ಕರೆ, ಒಂದೂ ಒಂದು ನಿಮಿಷ ದಾಟಿರಲಿಲ್ಲ. ಬೇರೆಯವರಾದರೆ ಅಷ್ಟಕ್ಕೆ ಸಮಾಧಾನಪಡುತ್ತಿದ್ದರು. ಇವನಿಗೆ ಅದೇ ಇನ್ನಷ್ಟು ಕೊರೆಯಿತು. ಒಂದು ನಿಮಿಷದೊಳಗೆ ಮುಗಿಯುವ ಮಾತು ಎಂದರೆ ಮೊದಲೇ ಮಾತಾಡಿಕೊಂಡ ಮಾತೇ ಇರಬೇಕು.

ಅಡುಗೆಮನೆಯಲ್ಲಿ ಲಟ್ಟಣಿಗೆ ನಿಂತಿತು. ಅವಳು ಬರುತ್ತಾಳೆ ಅನ್ನುವಷ್ಟರಲ್ಲಿ ಅವನ ಹೆಬ್ಬೆರಳು 'ಕಾಲೇಜು' ಎಂಬುದರ ಮುಂದಿನ ಗುಂಡಿಯನ್ನು ಒತ್ತಿ ಆಫ್ ಮಾಡಿತ್ತು. ನಾಳೆ ಫೋನು ಬಾಯಿಬಿಡಲಿ, ಏನಾಗುತ್ತದೆ ನೋಡೋಣ ಎಂದುಕೊಂಡು ಅವನು ಅದನ್ನು ಮೊದಲಿದ್ದ ಹಾಗೇ ಮಕಾಡೆ ಮಲಗಿಸಿ ಟೀವಿಯ ಮುಂದೆ ಕೂತ.

ಊಟಕ್ಕೆ ಕೂತಾಗ ವಿಭಾ ತಟ್ಟೆಯಿಂದ ತಲೆ ಎತ್ತದೆ ಹೇಳಿದಳು, "ನಾಳೆ ಒಂಬತ್ತಕ್ಕೆ ಬಯೋಕೆಮಿಸ್ಟ್ರಿ ರೀ. ಕೈಕಾಲೇ ಆಡ್ತಿಲ್ಲ."

"ಹೂಂ. ಚೆನ್ನಾಗ್ ಮಾಡು," ಎಂದ. ಅವಳು ಮುಖ ನೋಡಿ ಯಾಕೆ ಹೇಳಲಿಲ್ಲ ಎಂಬುದು ಅವನಿಗೆ ಅಂಟಿಕೊಂಡಿತು. ಪರೀಕ್ಷೆ ನಿಜವಾಗಿ ಇದೆಯೋ ಇಲ್ಲವೋ? ಬೆಳಿಗ್ಗೆ ಹೊರಡುವಾಗ ಅವಳು ಪುಸ್ತಕ ಹಿಡಿದು ಹಾಲ್‌ನಲ್ಲಿ ಶತಪಥ ಹಾಕುತ್ತಿದ್ದಳು. ಫೋನು ಮೇಜಿನ ಮೇಲೇ ಇತ್ತು. ಮತ್ತೆ ಸರಿಮಾಡಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು. ಅನ್ನಿಸಿದ್ದಷ್ಟೇ, ಕಾರಿನ ಬೀಗದ ಕೈ ತೆಗೆದುಕೊಂಡು ಹೊರಟೇಬಿಟ್ಟ.

ಕಾರ್ಖಾನೆಯಲ್ಲಿ ಕೂತರೂ ಕೂರಲಾಗಲಿಲ್ಲ. ಹತ್ತೂ ಹತ್ತಕ್ಕೆ ಬಾಗಿಲು ಹಾಕಿಕೊಂಡು ಅವಳಿಗೆ ಫೋನು ಮಾಡಿದ. ಅದು ರಿಂಗಾಯಿತು. ಪೂರ್ತಿ ರಿಂಗಾಗಿ ನಿಂತಿತು. ಪರೀಕ್ಷೆಯ ಹಾಲಿನಲ್ಲಿ ಯಾರಾದರೂ ಫೋನು ಇಷ್ಟು ಹೊತ್ತು ಬಡಿದುಕೊಳ್ಳಲು ಬಿಡುತ್ತಾರೆಯೇ? ಅಲ್ಲಿಗೆ ಅವಳು ಪರೀಕ್ಷೆಯಲ್ಲಿ ಇಲ್ಲ. ಎರಡನೇ ಸಲ ಮಾಡಿದ, ಮತ್ತೆ ಪೂರ್ತಿ ರಿಂಗಾಯಿತು. ಮೂರನೇ ಸಲ ನಡುವೆಯೇ ಕಟ್ಟಾಯಿತು. ಅಬ್ಬಾ! ಯಾರೋ ಬೇಕೆಂದೇ ಕಟ್ ಮಾಡಿದ್ದಾರೆ. ಗುಂಡಿ ಆಫ್ ಮಾಡಿದವನು ತಾನೇ, ಫೋನು ಅಲ್ಲಿ ಸದ್ದು ಮಾಡುತ್ತಿರುವುದು ಅದಕ್ಕೇ ಎಂಬ ಸಣ್ಣ ವಿಷಯ ಆ ಬುದ್ಧಿವಂತನ ತಲೆಗೆ ಹೊಳೆಯಲೇ ಇಲ್ಲ. ಹೊಟ್ಟೆ ಸರಿಯಿಲ್ಲ ಎಂದು ಸಹಾಯಕನಿಗೆ ಹೇಳಿ ಕಾರು ಹತ್ತಿದ.

ಎಕ್ಸ್‌ಪ್ರೆಸ್‌ವೇ ಮೇಲೆ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡ. ಮೊದಲು ಏನು ಕೇಳಬೇಕು, ಅವಳು ಹೀಗೆಂದರೆ ತಾನು ಹೇಗೆನ್ನಬೇಕು, ಮುತುವಾ ಎದುರಿಗೇ ಇದ್ದರೆ ಇಂಗ್ಲಿಷಿನಲ್ಲಿ ಬೈಯಬೇಕೋ ತನಗೆ ಬರುವ ನಾಲ್ಕು ಸ್ವಾಹಿಲಿ ಮಾತಿನಲ್ಲೋ. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಕಾಲೇಜಿನ ಗೇಟು ದಾಟಿದ.

ವಿಭಾ ಪರೀಕ್ಷೆಯ ಹಾಲಿನ ಹೊರಗಿನ ಕಲ್ಲು ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು. ತೊಡೆಯ ಮೇಲೆ ಬ್ಯಾಗು. ಕಿಟಕಿಯೊಳಗೆ ಸಾಲಾಗಿ ಬಗ್ಗಿದ ತಲೆಗಳು ಬರೆಯುತ್ತಿದ್ದವು. ಅದನ್ನು ನೋಡಿದ ಮೇಲಾದರೂ ಅವನು ಬಾಯಿ ಮುಚ್ಚಿಕೊಳ್ಳಬೇಕಿತ್ತು.

"ಏನು, ಪರೀಕ್ಷೆ ಬರೀತಾ ಇಲ್ವಾ?" ಎಂದ.

ಅವಳು ಅವನನ್ನು ಕಂಡವಳೇ ಎದ್ದು ನಿಂತು ತೋಳು ಹಿಡಿದುಕೊಂಡಳು. ಮುಖ ಬಿಳಿಚಿಕೊಂಡಿತ್ತು. "ಏನಾಯ್ತು ರೀ? ನಮಿತಾಗೆ ಏನಾಯ್ತು? ಯಾವ ಆಸ್ಪತ್ರೆ?"

"ನಮಿತಾಗೇನೂ ಆಗಿಲ್ಲ."

"ಮತ್ತೆ ಮೂರ್ ಸಲ ಮಾಡಿದ್ರಲ್ಲ! ಫೋನ್ ನನ್ನ ಕೈಗೆ ಬಂದ ಕೂಡ್ಲೇ ನಾನೇ ಎಂಟ್ ಸಲ ಮಾಡ್ದೆ. ನೀವ್ ಎತ್ತಲೇ ಇಲ್ಲ. ಸ್ಕೂಲಲ್ಲೂ ಯಾರೂ ಎತ್ತಲಿಲ್ಲ. ನನಗೆ ಜೀವಾನೇ ಬಾಯಿಗೆ ಬಂದಿತ್ತು."

ಅವನು ಫೋನಿಗಾಗಿ ಜೇಬು ಮುಟ್ಟಿ ನೋಡಿಕೊಂಡ. ಹೊರಡುವ ಅವಸರದಲ್ಲಿ ಅದನ್ನು ಚೀಲದೊಳಗೆ ತುರುಕಿ ಕಾರಿನ ಡಿಕ್ಕಿಗೆ ಎಸೆದಿದ್ದ.

ಅವಳು ಮತ್ತೆ ಕೂತಳು. ಮಗಳು ಕ್ಷೇಮ ಎಂದ ಮೇಲೆ ಅಳು ಬಂತು, ಅಳುತ್ತಲೇ ಹೇಳಿದಳು. ಫೋನುಗಳನ್ನು ಸದ್ದಿಲ್ಲದ ಹಾಗೆ ಮಾಡಿ ಬ್ಯಾಗಿನಲ್ಲಿಟ್ಟು, ಬ್ಯಾಗನ್ನು ಮುಂದಿನ ಮೇಜಿನ ಮೇಲಿಡಬೇಕೆಂಬುದು ಇಲ್ಲಿಯ ನಿಯಮ. ಸದ್ದಾದರೆ ಆ ಪೇಪರು ಹೋಯಿತು. "ಮೊದಲ್ನೇ ಸಲ ರಿಂಗ್ ಆದಾಗ ನಾನು ತಲೆನೂ ಎತ್ತಲಿಲ್ಲ ರೀ. ನನ್ ಫೋನ್ ಸುಮ್ನೆ ಇರತ್ತಲ್ಲ ಅಂತ. ಯಾರ್ದೋ ಪಾಪ, ಬುದ್ಧಿ ಇಲ್ದೋರು ಅಂದ್ಕೊಂಡೆ. ಎರಡನೇ ಸಲಾನೂ ಬರೀತಾನೇ ಇದ್ದೆ. ಮೂರನೇ ಸಲ ಮೇಲ್ವಿಚಾರಕರು ಬ್ಯಾಗಿಂದ ತೆಗೆದು ಕಟ್ ಮಾಡಿ ಎತ್ತಿ ತೋರಿಸಿದ್ರು. ನೋಡಿದ್ರೆ ನಿಮ್ಮ ಫೋಟೋ. ಐದು ಪ್ರಶ್ನೆ ಮುಗಿಸಿದ್ದೆ. ಎಲ್ಲಾ ಬರ್ತಿತ್ತು ರೀ, ಈ ಸಲ ಎಲ್ಲಾ ಬರ್ತಿತ್ತು."

ಇನ್ನು ಆ ಪೇಪರು ಮುಂದಿನ ವರ್ಷ. ಆಸ್ಪತ್ರೆಯ ಜಾಗ ಇನ್ಯಾರಿಗೋ.

"ನಾನೇ ಏನೋ ತಪ್ಪು ಒತ್ತಿದೀನಿ," ಎಂದು ಅವಳು ಫೋನು ತೆರೆದು ನೋಡುತ್ತಿದ್ದಳು. "ದಿನಾ ಅದರಷ್ಟಕ್ಕೆ ಆಗ್ತಿತ್ತಲ್ಲ ಅಂತ ಬೆಳಿಗ್ಗೆ ನೋಡ್ಲೇ ಇಲ್ಲ. ಎಂಥಾ ಪೆದ್ದಿ ನಾನು, ಛೆ!"

ಸುಮ್ಮನಿದ್ದಿದ್ದರೆ ತಪ್ಪು ಅವಳದ್ದೇ ಆಗಿ ಉಳಿದುಹೋಗುತ್ತಿತ್ತು. ಆದರೆ ದ್ವಾರಕಾನಾಥನಿಗೆ ಇಷ್ಟಾದರೂ ಹೊಟ್ಟೆಯೊಳಗಿನ ಆ ಹೆಸರು ಅರಗಿರಲಿಲ್ಲ.

"ಮುತುವಾ ಯಾರು?" ಎಂದು ಕೇಳಿಬಿಟ್ಟ.

ಅವಳ ಬೆರಳು ನಿಂತಿತು. ಪರದೆಯನ್ನು ನೋಡಿದಳು, ಅವನನ್ನು ನೋಡಿದಳು. ಆ ಹೆಸರು ಇವನಿಗೆ ಎಲ್ಲಿ ಸಿಕ್ಕಿರಬಹುದು ಎಂಬುದು ಅವಳಿಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅಳು ನಿಂತುಹೋಯಿತು.

"ಎರಡು ವರ್ಷದಿಂದ ನಿಮ್ಮ ಮಗಳನ್ನ ಸ್ಕೂಲಿಗೆ ಕರ್ಕೊಂಡ್ ಹೋಗೋ ವ್ಯಾನಿನ ಡ್ರೈವರು. ವ್ಯಾನ್ ಕೆಟ್ರೆ ಮಾಡ್ತಾರೆ, ಅವಳಿಗೆ ಉಬ್ಬಸ ಬಂದ್ರೆ ಮಾಡ್ತಾರೆ. ಎರಡು ವರ್ಷಕ್ಕೆ ನಾಲ್ಕೇ ಸಲ ಮಾಡಿದಾರೆ. ನೀವು ಮೆಸೇಜೂ ಸೇರಿ ದಿನಕ್ಕೆ ನಲವತ್ತೇಳು ಸಲ. ನಾನು ಎಣಿಸಿದ್ದೆ."

"ನಾನ್ ಸುಮ್ನೆ... ಆಫ್ ಮಾಡಿದ್ದು ನಾನೇ ವಿಭಾ. ನಿನ್ನೆ ಸಂಜೆ."

"ಇವತ್ತು ಯಾಕೆ ಫೋನ್ ಮಾಡಿದ್ರಿ? ಏನಿತ್ತು ಹೇಳೋದು?"

ಅವನು ಹುಡುಕಿದ. ಗ್ಯಾಸಿನ ಮಾತು, ಉಪ್ಪಿನ ಮಾತು, ಏನಾದರೊಂದು ಸಿಕ್ಕೀತೇ ಎಂದು ಹುಡುಕಿದ. ಕೊನೆಗೆ ನಿಜವನ್ನೇ ಹೇಳಿದ. "ಏನೂ ಇರ್ಲಿಲ್ಲ. ರಿಂಗ್ ಆಗತ್ತಾ ಅಂತ ನೋಡ್ದೆ."

ಒಳಗಿನಿಂದ ಇನ್ನೊಂದು ಗಂಟೆ ಉಳಿದಿದೆ ಎಂದು ಮೇಲ್ವಿಚಾರಕರು ಕೂಗಿದ್ದು ಕೇಳಿಸಿತು. ವಿಭಾ ಸೆರಗಿಲ್ಲದ ಕುರ್ತಾದ ತೋಳಿನಲ್ಲೇ ಮುಖ ಒರೆಸಿಕೊಂಡು ಬ್ಯಾಗಿನಿಂದ ಇನ್ನೊಂದು ಪುಸ್ತಕ ತೆಗೆದಳು. ಆಮೇಲೆ ಫೋನನ್ನು ಅವನ ಅಂಗೈಯಲ್ಲಿಟ್ಟು ಬೆರಳುಗಳನ್ನು ತಾನೇ ಮಡಚಿದಳು.

"ಗುರುವಾರ ಇನ್ನೊಂದು ಪೇಪರ್ ಇದೆ. ಅದನ್ನಾದ್ರೂ ಬರೀತೀನಿ. ಅಲ್ಲಿವರೆಗೂ ಇದು ನಿಮ್ಮ ಹತ್ರಾನೇ ಇರ್ಲಿ. ನರ್ಸ್ ಮಾಡಿದ್ರೆ ನೀವೇ ಎತ್ತಿ, ಮುತುವಾ ಮಾಡಿದ್ರೆ ನೀವೇ ಹೋಗಿ ಮಗುನ ಕರ್ಕೊಂಡ್ ಬನ್ನಿ. ಮಿಕ್ಕಿದ್ ಹೊತ್ತು ಯಾರ್ಯಾರು ಮಾಡ್ತಾರೆ ಅಂತ ಕೂತ್ಕೊಂಡು ನೋಡಿ."