ಕಿಡಿ ಹಾರುವ ಹೊತ್ತು

ಎದುರಿಗಿದ್ದವರ ಮಾತು ಮುಗಿಯುವ ಮೊದಲೇ ಉತ್ತರ ಕೊಟ್ಟುಬಿಡುವ ಚಾಳಿ ನನಗಿದೆ. "ನಮ್ಮ ಮಾವನವರು ಮೊನ್ನೆ..." ಎಂದು ಯಾರಾದರೂ ಶುರುಮಾಡಿದರೆ ಸಾಕು, "ಅಯ್ಯೋ ಪಾಪ, ಎಷ್ಟು ವಯಸ್ಸಾಗಿತ್ತು?" ಎಂದು ಕೇಳಿರುತ್ತೇನೆ. ಮಾವನವರು ಮೊನ್ನೆ ದಿಲ್‌ಸುಖ್‌ನಗರದಲ್ಲಿ ಹೊಸ ಮನೆ ಹಿಡಿದಿರುತ್ತಾರೆ, ಅಷ್ಟೇ.

ಇದೇ ಚಾಳಿ ನನ್ನ ಹಳೆಯ ಕಾರಿಗೂ ಆಗಾಗ ಅಂಟಿಕೊಳ್ಳುತ್ತದೆ. ಪಿಸ್ಟನ್ ಮೇಲೇರಿ ಗಾಳಿ ಮತ್ತು ಪೆಟ್ರೋಲನ್ನು ಒತ್ತುವಾಗ ಪ್ಲಗ್ಗಿನಿಂದ ಕಿಡಿ ಹಾರಬೇಕು. ತುದಿ ಮುಟ್ಟಿದ ಮೇಲೆ ಹಾರಿದರೆ ತಡವಾಯಿತು, ಉರಿ ಹಬ್ಬುವುದಕ್ಕೂ ಹೊತ್ತು ಬೇಕಲ್ಲ. ಆದ್ದರಿಂದ ತುಸು ಮೊದಲೇ ಹಾರಬೇಕು. ತೀರ ಮೊದಲೇ ಹಾರಿತೋ, ಮೇಲೆ ಬರುತ್ತಿರುವ ಪಿಸ್ಟನ್ನಿನ ತಲೆಗೆ ಮೊಟಕಿದ ಹಾಗೆ. ಏರು ಹತ್ತುವಾಗ ಕಟಕಟ ಸದ್ದು ಕೇಳುತ್ತದೆ. ಹಾಗೇ ಬಿಟ್ಟರೆ ಪಿಸ್ಟನ್ ತೂತಾದೀತು. ಹೊಸ ಕಾರುಗಳಲ್ಲಿ ಇದನ್ನೆಲ್ಲ ಕಂಪ್ಯೂಟರ್ ನೋಡಿಕೊಳ್ಳುತ್ತದಂತೆ. ನನ್ನದನ್ನು ಶರಣಪ್ಪನ ಕಿವಿ ನೋಡಿಕೊಳ್ಳುತ್ತದೆ.

ಸೇಡಂ ಕಡೆಯಿಂದ ಹುಡುಗನಾಗಿದ್ದಾಗ ಈ ಊರಿಗೆ ಬಂದ ಶರಣಪ್ಪ ಅಬಿಡ್ಸ್‌ನ ಹಿಂದಿನ ಗಲ್ಲಿಯಲ್ಲಿ ಮೆಕ್ಯಾನಿಕ್. ಗಿರಾಕಿಗಳ ಜೊತೆ ತೆಲುಗು, ಉರ್ದು; ನನ್ನ ಜೊತೆ ಮಾತ್ರ ಕನ್ನಡ. ಕಿಡಿಯ ಹೊತ್ತು ಗೊತ್ತುಮಾಡುವ ಡಿಸ್ಟ್ರಿಬ್ಯೂಟರಿನ ಬೋಲ್ಟ್ ಸಡಿಲಿಸಿ, ಅದನ್ನು ಕೂದಲೆಳೆಯಷ್ಟು ತಿರುಗಿಸಿ, ಗಿರಾಕಿಯಿಂದಲೇ ಕಾರನ್ನು ನೌಬತ್ ಪಹಾಡ್ ಗುಡ್ಡದ ಏರು ಹತ್ತಿಸಿ, ತಾನು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂರುತ್ತಾನೆ. ಟಾಪ್ ಗೇರಿನಲ್ಲಿ ನಿಧಾನವಾಗಿ ಹೋಗುತ್ತ ಆಕ್ಸಿಲರೇಟರ್ ಒತ್ತಬೇಕು. ಕಟಕಟ ಒಮ್ಮೆ ಕೇಳಿಯೂ ಕೇಳದ ಹಾಗೆ ಬಂದು ಅಡಗಿದರೆ ಟೈಮಿಂಗ್ ಸರಿ. ದೀಪ ಹಾಯಿಸಿ ಟೈಮಿಂಗ್ ನೋಡುವ ಯಂತ್ರ ಅವನ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿಕೊಂಡು ಬಿದ್ದಿದೆ. ಅದನ್ನು ತೆಗೆಯುವುದು ಅವನಿಗೆ ಅವಮಾನ.

ಕಳೆದ ತಿಂಗಳು ಹಾಗೆಯೇ ಏರು ಹತ್ತಿದೆವು. ಕಟಕಟ ಬಂತು, ಅಡಗಲಿಲ್ಲ. ಮೇಲೆ ತಲುಪುವವರೆಗೂ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಬಡಿಯಿತು. ಶರಣಪ್ಪ ಕಣ್ಣು ತೆರೆದು, "ಈಗ ಭಾಳ ಚಲೋ ಆತು ನೋಡ್ರಿ" ಎಂದ.

ಅವನ ಕಿವಿಗೆ ಆ ಸದ್ದು ಬಿದ್ದೇ ಇರಲಿಲ್ಲ. ಕಾರು ಕೆಟ್ಟರೆ ಇನ್ನೊಬ್ಬ ಮೆಕ್ಯಾನಿಕ್ ಸಿಕ್ಕಾನು. ಆದರೆ ಕಿವಿಯೇ ಅವನ ಅನ್ನ, ಕಿವಿಯೇ ಅವನ ಹೆಮ್ಮೆ. ಎಲ್ಲದಕ್ಕೂ ಮುಂದಾಗಿ ಬಾಯಿ ಹಾಕುವ ನಾನು ಅವತ್ತು ತುಟಿ ಎರಡು ಮಾಡಲಿಲ್ಲ.

ಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಲೇ, "ಮೂವತ್ತು ವರ್ಷ ನನ್ನ ಮಾತು ಮುಗಿಯೂತನಕ ಬಾಯಿ ಮುಚ್ಚಿದವರಲ್ಲ ನೀವು. ಮಾತಾಡೂ ಹೊತ್ತಿನ್ಯಾಗ ಮುಚ್ಚಿಕೊಂಡು ಬಂದ್ರಿ?" ಎಂದಳು. ಇರಲಿಲ್ಲ.

ಮರುದಿನ ಬೆಳಿಗ್ಗೆ ನಾಲ್ಕಾರು ನಯವಾದ ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡು ಹೋದೆ. ಒಂದೂ ನೆನಪಾಗಲಿಲ್ಲ.

"ಶರಣಪ್ಪ, ನಿನ್ನೆ ಏರಿನ್ಯಾಗ ಸದ್ದು ನಿಲ್ಲಲಿಲ್ಲ. ಆವಾಗ್ಲೇ ಹೇಳಬೇಕಿತ್ತು. ತಪ್ಪಾತು."

ಅವನು ಕೈಯ ಗ್ರೀಸನ್ನು ಒರೆಸಿಕೊಂಡ. "ಎಡಗಿವಿ ಹೋಗಿ ಆರು ತಿಂಗಳಾತ್ರಿ. ಈಗ ಬಲಗಿವೀನೂ ಮಂದ ಆಗಾಕತ್ತೈತಿ" ಎಂದ. "ನಿನ್ನೆ ನಿಮ್ಮ ಮಾರಿ ನೋಡಿದ ಕೂಡ್ಲೆ ಗೊತ್ತಾತು. ನೀವು ಹೇಳತೀರಿ ಅಂತ ಕಾಯ್ದೆ. ಗಾಡಿ ಇಳಿಯೂತನಕ ಕಾಯ್ದೆ."

ನಿಜವಾಗಿ ನಾಚಿಕೆಯಾಯಿತು.

ಪೆಟ್ಟಿಗೆಯ ಯಂತ್ರವನ್ನು ಅವನು ಅವತ್ತೂ ತೆಗೆಯಲಿಲ್ಲ. ಡಿಸ್ಟ್ರಿಬ್ಯೂಟರನ್ನು ತುಸು ಹಿಂದಕ್ಕೆ ತಿರುಗಿಸಿ, ನನ್ನ ಕೈಯಿಂದ ಕೀಲಿ ಇಸಿದುಕೊಂಡು, ತಾನೇ ಸ್ಟಿಯರಿಂಗ್ ಹಿಡಿದ. ಸದ್ದು ಬಂದಾಗ ನಾನು ಬೆರಳೆತ್ತಬೇಕು, ಅಡಗಿದಾಗ ಇಳಿಸಬೇಕು. ಇಷ್ಟು ದೊಡ್ಡ ನೌಕರಿ ನನಗೆ ಈವರೆಗೆ ಯಾರೂ ಕೊಟ್ಟಿರಲಿಲ್ಲ. ಕಿವಿ ನಿಮಿರಿಸಿ ಕೂತೆ. ಸಿಗ್ನಲ್ ದಾಟಿತು, ಕಾರು ತಿರುಗಿತು, ನಾನು ಬೆರಳೆತ್ತಿದೆ.

ಶರಣಪ್ಪ ರಸ್ತೆಯಿಂದ ಕಣ್ಣು ತೆಗೆಯದೆ, "ಏರು ಇನ್ನೂ ಶುರು ಆಗಿಲ್ರಿ" ಎಂದ.

ಬೆರಳನ್ನು ಮತ್ತೆ ಮೊಣಕಾಲಿನ ಮೇಲಿಟ್ಟುಕೊಂಡು ಕಾದೆ.